ಒಂದೇ ಕೆಮ್ಮಿನ ಕರಾರು

ಅತ್ತೆ ಹಾಕಿದ ಕರಾರು ಒಂದೇ ಒಂದು. ಬಟ್ಟೆ ಒಗೆಯುವ ಕೋಣೆಯಲ್ಲಿ ಸೊಸೆ ಏನು ಬೇಕಾದರೂ ಉರಿಸಿಕೊಳ್ಳಲಿ, ಆದರೆ ಆ ಉರಿಯಿಂದ ತಾನು ಒಂದು ಸಲ ಕೆಮ್ಮಿದರೂ ಗಾಜು ಕರಗಿಸುವ ಆ ಬರ್ನರ್ ವಾಪಸ್ ಪೆಟ್ಟಿಗೆಗೆ ಹೋಗಬೇಕು. ಹಾಗೆನ್ನುವಾಗ ಆಕೆ ತೋರುಬೆರಳು ಎತ್ತಿದ್ದರು. ಆ ಬೆರಳು ಎದ್ದರೆ ಮುಗಿಯಿತು, ಮನೆಯಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ.

ಆಕೆಯನ್ನು ದೂರುವಂತೆಯೂ ಇರಲಿಲ್ಲ. ಮೂವತ್ತು ವರ್ಷ ಒಂದು ಕ್ಯಾಂಟೀನಿನ ದೊಡ್ಡ ಒಲೆಗಳ ಮುಂದೆ ನಿಂತು ಹೊಗೆ ಕುಡಿದವರು. ಆಕೆ ಕೆಲಸ ಬಿಟ್ಟರೂ ಕೆಮ್ಮು ಆಕೆಯನ್ನು ಬಿಟ್ಟಿರಲಿಲ್ಲ.

ಸೊಸೆಯ ಪಾಡು ಬೇರೆ. ಹತ್ತು ವರ್ಷ ಗಾಜಿನ ಮಣಿಯ ಕಾರ್ಖಾನೆಯಲ್ಲಿ ಕೂತು ಕರಗಿದ ಗಾಜನ್ನು ಕಂಬಿಗೆ ಸುತ್ತಿದವಳು, ಅದು ಮುಚ್ಚಿದ ಮೇಲೆ ಔಷಧಿ ಮಳಿಗೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಕೆಲಸ ಹಗುರವೇ, ಆದರೆ ಅವಳ ಬೆರಳುಗಳು ಒಪ್ಪಿರಲಿಲ್ಲ. ಊಟಕ್ಕೆ ಕೂತರೆ ಚಮಚವನ್ನು ಮಣಿಯ ಕಂಬಿಯಂತೆ ತಿರುಗಿಸುತ್ತಲೇ ಇರುತ್ತಿದ್ದವು. ಎರಡು ವರ್ಷ ಹೀಗೇ ಕಳೆದಿತ್ತು. ಮೂರನೆಯದು ತನ್ನಿಂದಾಗದು ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

ಅವಳು ಮನೆಯಲ್ಲೇ ಮಣಿ ಮಾಡಲೆಂದು ಕೋಣೆ ಸಜ್ಜುಗೊಳಿಸಲು ಗಂಡ ಟೊಂಕ ಕಟ್ಟಿ ನಿಂತ. ಅವನು ಫ್ರಿಜ್ ರಿಪೇರಿ ಮಾಡುವವನು, ಬೀದಿಗೆಲ್ಲ ಫ್ರಿಜ್ಜಣ್ಣ. ಮೇಜಿಗೆ ಉಕ್ಕಿನ ತಗಡು ಹೊದಿಸಿದ. ಗ್ಯಾಸ್ ಸಿಲಿಂಡರನ್ನು ಗೋಡೆಯಾಚೆ ನಿಲ್ಲಿಸಿ ಕೊಳವೆಯನ್ನಷ್ಟೇ ಒಳಗೆ ತಂದ. ಬರ್ನರಿನ ಮೇಲೆ ತಗಡಿನ ಅಗಲವಾದ ಚಿಮಣಿ, ಅದರ ತುದಿಗೆ ಅಂಗಡಿಯಲ್ಲಿದ್ದವುಗಳಲ್ಲೇ ಜೋರಾದ ಫ್ಯಾನು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಭ್ಯಾಸವಾದ ಕೈ ಸುಮ್ಮನಿರಬೇಕಲ್ಲ? ಕಿಟಕಿಯ ಸಂದಿಗೆಲ್ಲ ಪುಟ್ಟಿ ಮೆತ್ತಿದ. ಬಾಗಿಲಿನ ನಾಲ್ಕೂ ಅಂಚಿಗೆ ಫ್ರಿಜ್ಜಿನ ರಬ್ಬರ್ ಪಟ್ಟಿ ಬಡಿದ. ಇನ್ನು ಈ ಕೋಣೆಯಿಂದ ಇರುವೆ ಬಿಟ್ಟ ಉಸಿರೂ ಮನೆಯೊಳಗೆ ಬರದು ಎಂದು ಜಂಭ ಕೊಚ್ಚಿಕೊಂಡ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಅತ್ತೆ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಫ್ಯಾನು ತಿರುಗಿಸಿ, ಬರ್ನರ್ ಹಚ್ಚಿದಳು. ನೀಲಿ ಉರಿ ನೆಟ್ಟಗೆ ಎದ್ದಾಗ ಅವಳಿಗೆ ಅಳುವೇ ಬಂತು. ಅತ್ತರೆ ಉರಿಗೆಂದು ಹಾಕಿದ ಕಪ್ಪು ಕನ್ನಡಕ ಮಂಜಾಗುತ್ತದೆಂದು ತಡೆದುಕೊಂಡಳು.

ಐದೇ ನಿಮಿಷಕ್ಕೆ ಕಣ್ಣು ಚುರುಗುಟ್ಟತೊಡಗಿತು. ಫ್ಯಾನು ಭರ್ರೆಂದು ಕೂಗುತ್ತಿದ್ದರೂ ಸೂರಿನ ಕೆಳಗೆ ಕಮಟು ತುಂಬುತ್ತಿತ್ತು. ಇದ್ಯಾಕೋ ಸರಿಯಿಲ್ಲ ಎಂದು ಉರಿ ಆರಿಸಿ ಹೊರಗೆ ಬರಹೋದರೆ, ಬಾಗಿಲು ಜಪ್ಪಯ್ಯ ಎಂದರೂ ಬಿಡದು. ಭುಜ ಕೊಟ್ಟು ಗುದ್ದಿದಳು. ಕೊನೆಗೆ ಫ್ಯಾನು ನಿಲ್ಲಿಸಿದ ಮೇಲೆ ಸಲೀಸಾಗಿ ತೆರೆಯಿತು. ಅವಳ ಹಿಂದೆಯೇ ಕಮಟೂ ಅಡುಗೆಮನೆಗೆ ಬಂತು, ಅತ್ತೆ ಕೆಮ್ಮಿದರು. ಒಂದಲ್ಲ, ನಾಲ್ಕು ಸಲ.

ಮಾತೆಂದರೆ ಮಾತು. ಸೊಸೆ ಬರ್ನರ್ ತಣಿಯುವವರೆಗೆ ಕಾದು, ಬಿಚ್ಚಿ, ಪೆಟ್ಟಿಗೆಯಲ್ಲಿಟ್ಟಳು. ಅವಳ ಮುಖ ನೋಡಲಾರದೆ ಫ್ರಿಜ್ಜಣ್ಣ ಫ್ಯಾನಿನ ಮೋಟಾರಿಗೆ ಬೈಯುತ್ತ ನಿಂತ. ಅತ್ತೆ ನೀರು ಕುಡಿದು ಸುಧಾರಿಸಿಕೊಂಡು, ಬಾಗಿಲನ್ನು ಯಾಕೆ ಹಾಗೆ ಗುದ್ದುತ್ತಿದ್ದೆ ಎಂದು ಕೇಳಿದರು. ಫ್ಯಾನು ಓಡುವಾಗ ಅದು ಕಚ್ಚಿಕೊಳ್ಳುತ್ತದೆ, ನಿಲ್ಲಿಸಿದರೆ ಬಿಡುತ್ತದೆ ಎಂದಳು ಸೊಸೆ.

ಅತ್ತೆಯ ಹುಬ್ಬು ಮೇಲೇರಿತು. ಮಗನ ಕಡೆ ತಿರುಗಿದರು.

"ಒಳಗೆ ಗಾಳಿ ಎಲ್ಲಿಂದ ಬರುತ್ತೋ?"

"ಬರೋಕೆ ಬಿಟ್ಟೇ ಇಲ್ಲಮ್ಮ," ಎಂದ ಮಗ ಹೆಮ್ಮೆಯಿಂದ.

"ಒಳಗೆ ಬರದೇ ಇದ್ರೆ ಹೊರಗೆ ಹೋಗೋದೇನು? ಅವಳಿಗೆ ಕೋಣೆ ಮಾಡ್ಕೊಡು ಅಂದ್ರೆ ಫ್ರಿಜ್ ಮಾಡ್ಕೊಟ್ಟಿದ್ದೀಯಲ್ಲೋ."

ಆಮೇಲೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಕ್ಯಾಂಟೀನಿಗೆ ಚಿಮಣಿ ಹಾಕಿದಾಗಲೂ, ಅಡುಗೆಯವರ ಬೆನ್ನ ಹಿಂದಿನ ಕಿಟಕಿ ತೆರೆದಿಡಿ ಎಂದು ಆಕೆ ಬಡಕೊಂಡಿದ್ದರಂತೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಆ ಹೊಗೆಯೆಲ್ಲ ನನ್ನೆದೆಗೇ ಇಳಿಯಿತು, ಈ ಮನೆಯಲ್ಲಾದರೂ ನನ್ನ ಮಾತು ಕೇಳಿ ಎಂದರು. ಅದನ್ನು ಹೇಳುವಾಗ ದನಿ ಸಣ್ಣದಾಗಿತ್ತು. ಸೊಸೆಗೆ ತನ್ನ ದುಃಖ ಒಂದು ಗಳಿಗೆ ಮರೆತೇ ಹೋಯಿತು.

ಫ್ರಿಜ್ಜಣ್ಣ ಪುಟ್ಟಿ ಕೆರೆದ. ಕೂರುವ ಜಾಗದ ಹಿಂದಿದ್ದ ಕಿಟಕಿಯ ಕೆಳಗಿನ ಗಾಜು ತೆಗೆದು ಜಾಲರಿ ಕೂರಿಸಿದ. ಫ್ಯಾನು ಹಾಕಿದ ಮೇಲೆ ಅತ್ತೆ ಕಿಟಕಿಯ ಬಳಿ ಒಂದೆಳೆ ದಾರ ಹಿಡಿದರು. ದಾರ ಎದ್ದು, ಚಿಮಣಿಯ ಕಡೆಗೆ ಕೈಚಾಚಿದಂತೆ ನಿಂತಿತು.

"ಪೆಟ್ಟಿಗೆ ತೆಗಿ," ಎಂದರು ಸೊಸೆಗೆ. "ಆ ನಾಲ್ಕು ಕೆಮ್ಮು ಇವನ ಪಾಲಿಗೆ. ನಿನ್ನ ಕರಾರು ಇನ್ನೂ ಹಾಗೇ ಇದೆ."

ಮತ್ತೆ ಬರ್ನರ್ ಜೋಡಿಸಿದರು. ಈ ಸಲ ಅತ್ತೆ ಕುರ್ಚಿಯನ್ನು ಅಡುಗೆಮನೆಯಲ್ಲಿ ಹಾಕಲಿಲ್ಲ. ದರದರನೆ ಎಳೆದು ತಂದು ಆ ಕಿಟಕಿಯ ಬಳಿಯೇ ಹಾಕಿಕೊಂಡು, ಸೊಸೆಯ ಎರಡನೇ ಕಪ್ಪು ಕನ್ನಡಕ ಏರಿಸಿ ಕೂತರು. ಇಡೀ ಮನೆಯಲ್ಲಿ ಇಷ್ಟು ಒಳ್ಳೆಯ ಗಾಳಿ ಬರುವ ಜಾಗ ಇನ್ನೊಂದಿಲ್ಲವಂತೆ, ಮಧ್ಯಾಹ್ನವೆಲ್ಲ ತಾನು ಇಲ್ಲೇ ಇರುವುದಂತೆ. ಉರಿಯಲ್ಲಿ ಕೆಂಪು ಗಾಜು ಕರಗಿ ಕಂಬಿಗೆ ಸುತ್ತಿಕೊಂಡು ದುಂಡಗಾಗುವುದನ್ನು ಅವರು ಕಣ್ಣು ಪಿಳುಕಿಸದೆ ನೋಡಿದರು. ಕೈ ನಿಂತರೆ ಮಣಿ ಜೋತು ಬೀಳುತ್ತದೆ ಎಂದು ಸೊಸೆ ವಿವರಿಸಿದಳು.

ಹೊರಗಿದ್ದ ಫ್ರಿಜ್ಜಣ್ಣನಿಗೆ ಕುತೂಹಲ ತಡೆಯಲಾಗಲಿಲ್ಲ. ಬಾಗಿಲು ಈಗಲೂ ಕಚ್ಚಿಕೊಂಡಿರುತ್ತದೆಂದು ಮೈಯ ಶಕ್ತಿಯನ್ನೆಲ್ಲ ಹಾಕಿ ಹಿಡಿ ಎಳೆದ. ಬಾಗಿಲು ಹೂವಿನಂತೆ ತೆರೆದುಕೊಂಡಿತು, ಅವನು ಅಡುಗೆಮನೆಯ ನಡುವೆ ಕುಕ್ಕರುಬಡಿದ.

ಅತ್ತೆ ಗೊಳ್ಳೆಂದು ನಕ್ಕರು. ನಕ್ಕೂ ನಕ್ಕೂ ಕೆಮ್ಮು ಬಂತು.

ಸೊಸೆಯ ಕೈ ನಿಂತಿತು. ಮಣಿ ಒಂದು ಕಡೆಗೆ ಜೋತಿತು.

"ಕೈ ನಿಲ್ಲಿಸ್ಬೇಡ," ಎಂದರು ಅತ್ತೆ, ಕಪ್ಪು ಕನ್ನಡಕದ ಕೆಳಗೆ ಕಣ್ಣೀರು ಒರೆಸಿಕೊಳ್ಳುತ್ತ. "ಇದು ನಕ್ಕ ಕೆಮ್ಮು, ಲೆಕ್ಕಕ್ಕಿಲ್ಲ. ನೀನು ತಿರುಗಿಸಮ್ಮ."

ಸೊಸೆ ತಿರುಗಿಸಿದಳು.