ಎಂಟು ತುಂಡು ಹೊಳೆ

ನೇತ್ರಾವತಿ ತಮ್ಮ ಪ್ರೋಗ್ರಾಮಿಗೆ ಕೈ ಹಾಕಿದ್ದಾಳೆಂಬ ಅನುಮಾನ ಬಕ್ಕೇಶಪ್ಪನವರಿಗೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಹರಿಹರದ ಸೇತುವೆಯ ಬಳಿ ತುಂಗಭದ್ರೆ ಎಷ್ಟು ಏರುತ್ತಾಳೆಂದು ಹೇಳುವ ಆ ಪ್ರೋಗ್ರಾಮು, ಹೊಳೆಯನ್ನು ಎಂಟು ತುಂಡು ಮಾಡಿ ಎಂಟು ಪ್ರೊಸೆಸರ್‌ಗಳಿಗೆ ಏಕಕಾಲಕ್ಕೆ ಹಂಚುತ್ತಿತ್ತು. ನಿವೃತ್ತಿಗೆ ಮುಂಚೆ ಇದೇ ದಾವಣಗೆರೆಯ ಕಾಲೇಜಿನಲ್ಲಿ ಮೇಷ್ಟರಾಗಿದ್ದಾಗ ಅವರು ಬರೆದದ್ದು. ಹದಿನೆಂಟು ಮಳೆಗಾಲ ಮುಗ್ಗರಿಸದೆ ಓಡಿದ್ದು. ಕುಕ್ಕುವಾಡದಿಂದ ಸಂಶೋಧನೆಗೆ ಬಂದ ಈ ಹುಡುಗಿ ಅದನ್ನು ಹೊಸ ಯಂತ್ರಕ್ಕೆ ಸಾಗಿಸಿದ ದಿನವೇ ಕುಸಿದುಬಿತ್ತು.

"ಆಕೆ ಏನೋ ತಿದ್ದ್ಯಾಳೆ," ಎಂದು ವಿಭಾಗದ ಮುಖ್ಯಸ್ಥ ಮಹಾಂತೇಶನಿಗೆ ಅವರು ಹೇಳಿಯೇಬಿಟ್ಟಿದ್ದರು. ಸಂಜೆಯೊಳಗೆ ಕಾರಣ ಸಿಗದಿದ್ದರೆ ಅವಳನ್ನು ಸಂಶೋಧನೆಯಿಂದ ಕೈಬಿಡುವುದೆಂದು ತೀರ್ಮಾನವಾಗಿತ್ತು.

ಹಳೆಯ ಅಚ್ಚಿನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಕ್ಕೇಶಪ್ಪ ಪರದೆಯ ಒಂದೊಂದು ಸಾಲನ್ನೂ ತಾಳೆ ನೋಡಿದರು. ಒಂದಕ್ಷರವೂ ಬದಲಾಗಿರಲಿಲ್ಲ. ಅದರಿಂದ ಅನುಮಾನ ಇನ್ನಷ್ಟು ಬಲಿಯಿತು: ಇಷ್ಟು ಚೊಕ್ಕಟವಾಗಿ ಮುಚ್ಚಿಟ್ಟವಳು ಎಂಥ ಜಾಣೆಯಿರಬೇಕು!

"ಸಿಕ್ತೇನ್ರಿ ಸರ್, ನನ್ನ ಕಳ್ಳತನ?" ಎಂದಳು ನೇತ್ರಾವತಿ.

"ಅಧಿಕಪ್ರಸಂಗ ಬ್ಯಾಡ. ಅಲ್ಲಿ ಓಡಿದ್ದು ಇಲ್ಲಿ ಯಾಕ ಓಡಂಗಿಲ್ಲ?"

"ಈ ಸಾಲು ನೋಡ್ರಿ. ಪ್ರೊಸೆಸರ್ ಗುಂಪಿನ ಗುರುತು ಐತಲ್ಲ, ಹ್ಯಾಂಡಲ್ಲು, ಅದನ್ನ ಫೋರ್ಟ್ರಾನ್ ಭಾಷೆಯಿಂದ ಸಿ ಭಾಷೆಗೆ ಹಂಗೇ ದಾಟಿಸೀರಿ. ಫೋರ್ಟ್ರಾನ್‌ಗೆ ಅದು ಬರೇ ನಂಬರು, ಗುಡಿ ಮುಂದೆ ಚಪ್ಪಲಿ ಬಿಟ್ರೆ ಕೊಡೋ ಬಿಲ್ಲೆ ಇದ್ದಂಗೆ. ಹಳೇ ಯಂತ್ರದ ಸಾಫ್ಟ್‌ವೇರ್ ಲೈಬ್ರರಿಯೊಳಗೆ ಸಿ ಭಾಷೆಗೂ ಆ ನಂಬರೇ ಸಾಕಿತ್ತು. ಹೊಸ ಯಂತ್ರದ ಲೈಬ್ರರಿಯೊಳಗೆ ಸಿ ಅದನ್ನ ಮನೆ ವಿಳಾಸ ಅಂತ ತಿಳ್ಕಂಡು ಹುಡುಕ್ಕೊಂಡು ಹೋಗ್ತೈತೆ. ಅಲ್ಲಿ ಮನೇನೇ ಇಲ್ಲ! ನಂಬರು ಕೊಟ್ರೆ ವಿಳಾಸ ಕೊಡೋ ಫಂಕ್ಷನ್ ಐತೆ, ಅದನ್ನ ನಡುವೆ ಕರೀಬೇಕ್ರಿ."

"ನೀನು ಕೀಬೋರ್ಡ್ ಮುಟ್ಟಬ್ಯಾಡ."

"ನೀವೇ ಹೊಡೀರಿ, ನಾನು ಕೈ ಕಟ್ಕಂಡು ನಿಂತಿರ್ತೀನಿ."

ಅವರು ಒಂದು ಸಾಲು ಸೇರಿಸಿದರು. ಎಂಟು ತುಂಡುಗಳೂ ಕೂಡಿಕೊಂಡು ಹೊಳೆ ಹರಿಯಿತು. ನಂಬದೆ ಆ ಸಾಲನ್ನು ಅಳಿಸಿದರು, ಪ್ರೋಗ್ರಾಮು ಬಿತ್ತು. ಮತ್ತೆ ಸೇರಿಸಿದರು, ಓಡಿತು. ಹದಿನೆಂಟು ವರ್ಷ ಒಂದು ತಪ್ಪು ಸರಿಯ ವೇಷದಲ್ಲಿ ಬಾಳಿತ್ತು. ಅದರ ನೆತ್ತಿಯ ಮೇಲೆ ಅವರದೇ ಹೆಸರು, ಅವರೇ ಹಾಕಿದ ತಾರೀಖು.

"ಮಹಾಂತೇಶನಿಗೆ ಒಂದು ಚೀಟಿ ಬರೆದು ಕಳಿಸ್ತೀನಮ್ಮ," ಎಂದರು, ಪರದೆಯಿಂದ ಮುಖ ತಿರುಗಿಸದೆ.

"ಚೀಟಿ ಬ್ಯಾಡ್ರಿ ಸರ್. ಬಾಯಲ್ಲಿ ಅಂದಿದ್ದನ್ನ ಬಾಯಲ್ಲೇ ಹೇಳ್ರಿ. ನಾನೂ ಬರ್ತೀನಿ."

ನಂಬಿಕೆಯಿಲ್ಲದ ನೋಟ ಈಗ ಅವಳದಾಗಿತ್ತು. ಬಕ್ಕೇಶಪ್ಪ ಎದ್ದು ಹೊರಟರು. ಅವಳು ಎರಡು ಹೆಜ್ಜೆ ಹಿಂದೆ. ಅವರು ಮಹಾಂತೇಶನ ಬಾಗಿಲು ತಟ್ಟಿ, "ತಪ್ಪು ನಂದಪ್ಪಾ, ಈಕೀದಲ್ಲ," ಎಂದು ಮುಗಿಸುವವರೆಗೂ ಅವಳು ಅವರ ಬೆನ್ನಿನಿಂದ ಕಣ್ಣು ಕೀಳಲಿಲ್ಲ.