ಪಕ್ಕದ ಕುರ್ಚಿ

"ಒಂದೇ ಒಂದು ಫೋಟೋ ಮೇಡಂ, ಕೂತ್ಕೊಳ್ಳಿ," ಎಂದು ಇತಿಹಾಸ ವಿಭಾಗದ ಮುಖ್ಯಸ್ಥ ಮೂರನೆಯ ಸಲ ಹೇಳಿದ. ಅವನು ಕೈ ತೋರಿಸುತ್ತಿದ್ದದ್ದು ಮುಖ್ಯಸ್ಥರ ಹಳೆಯ ಕುರ್ಚಿಯ ಕಡೆಗೆ. ಎತ್ತರದ ಬೆನ್ನು, ಅಗಲವಾದ ತೋಳು, ಮೂಗಿಗೆ ಬಡಿಯುವ ಹೊಸ ಪಾಲಿಶ್ ವಾಸನೆ. ವಿಭಾಗಕ್ಕೆ ಐವತ್ತು ವರ್ಷ ತುಂಬಿತೆಂದು ಅದನ್ನು ಉಗ್ರಾಣದಿಂದ ಎಳೆದು ತಂದು ಪ್ರದರ್ಶನಕ್ಕೆ ಇಟ್ಟಿದ್ದರು. ಎದುರಿಗೆ ಅದೇ ಕಾಲದ ಮೇಜು. ಮೇಜಿನ ಮಗ್ಗುಲಿಗೆ ತೋಳಿಲ್ಲದ ಒಂದು ಮರದ ಕುರ್ಚಿಯೂ ಇತ್ತು. ಅದು ಯಾಕಿದೆ ಎಂದು ತಂದಿಟ್ಟವರಿಗೇ ಗೊತ್ತಿರಲಿಲ್ಲ.

ನಿವೃತ್ತ ಪ್ರೊಫೆಸರಿಗೆ ಗೊತ್ತಿತ್ತು. ಅದರ ಮೇಲೆ ಅವರು ಹನ್ನೊಂದು ವರ್ಷ ಕೂತಿದ್ದರು.

"ಬೇಡಪ್ಪ, ನಿಂತೇ ತೆಗೆಸ್ಕೋತೀನಿ," ಎಂದರು. ಜೊತೆಗೆ ಬಂದಿದ್ದ ತಂಗಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಅಕ್ಕನ ಮುಖ ನೋಡಿ "ಹೂಂ, ಶುರುವಾಯ್ತು" ಎಂದು ಗೊಣಗಿದಳು.

ಹಿಂದೆ ಹಳೆಯ ಮುಖ್ಯಸ್ಥರು ನಿವೃತ್ತರಾದಾಗ, ಮುಂದಿನ ವ್ಯವಸ್ಥೆ ಆಗುವವರೆಗೆ ನೀವೇ ನೋಡಿಕೊಳ್ಳಿ ಎಂದು ಇವರಿಗೆ ಆದೇಶ ಬಂದಿತ್ತು. ಮೊದಲ ದಿನ ಬೆಳಿಗ್ಗೆ ಕೋಣೆಗೆ ಹೋದರೆ, ಮೇಜಿನ ಮಗ್ಗುಲಿಗೆ ಈ ಮರದ ಕುರ್ಚಿ ಸಿದ್ಧವಾಗಿತ್ತು. "ಪ್ರಭಾರದಲ್ಲಿರೋರು ದೊಡ್ಡ ಕುರ್ಚೀಲಿ ಕೂರೋ ಹಾಗಿಲ್ಲ ಮೇಡಂ, ಪದ್ಧತಿ," ಎಂದಿದ್ದರು ಆಫೀಸಿನ ಸೂಪರಿಂಟೆಂಡೆಂಟರು, ತಾವೇ ಏನೋ ಕದ್ದವರ ಹಾಗೆ ತಲೆ ಕೆರೆದುಕೊಂಡು. ನಾಲ್ಕು ದಿನದ ಮಾತು ತಾನೇ ಎಂದು ಇವರು ಕೂತರು. ನಾಲ್ಕು ದಿನ ಹನ್ನೊಂದು ವರ್ಷವಾಯಿತು. ಪರೀಕ್ಷೆ ನಡೆಸಿದರು, ಜಗಳ ಬಿಡಿಸಿದರು, ಸೋರುವ ಚಾವಣಿಗಾಗಿ ಮೇಲಿನವರ ಬಾಗಿಲು ಕಾದರು. ಎಲ್ಲವೂ ಮಗ್ಗುಲಿನಿಂದಲೇ, ಸೊಂಟ ಸೊಟ್ಟ ಮಾಡಿಕೊಂಡು. ಎದುರಿಗೆ ದೊಡ್ಡ ಕುರ್ಚಿ ಖಾಲಿ ಕೂತಿತ್ತು. ಆಮೇಲೆ ಒಂದು ದಿನ ಇವರಿಗಿಂತ ಒಂಬತ್ತು ವರ್ಷ ಚಿಕ್ಕವನೊಬ್ಬ ಬಂದ, ಸೀದಾ ಹೋಗಿ ಅದರಲ್ಲಿ ಕೂತ. ಸೊಂಟನೋವು ಮಾತ್ರ ಇವರ ಪಾಲಿಗೆ ಉಳಿಯಿತು.

ಬಂದವನ ನಾಲಿಗೆಯೋ, ಭಗವಂತನಿಗೇ ಪ್ರೀತಿ. ಇವರು ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ಹತ್ತಿಗಿರಣಿಯ ಹೆಂಗಸರ ಮನೆಮನೆಗೆ ಅಲೆಯುತ್ತಿದ್ದ ಕಾಲ ಅದು. ಆ ಹೆಂಗಸರ ಬಗ್ಗೆ ಯಾವ ದಾಖಲೆಯಲ್ಲೂ ಒಂದು ಸಾಲಿರಲಿಲ್ಲ. ಅವರ ಮಾತೇ ಅವರ ಚರಿತ್ರೆ ಎಂದು ಇವರು ಹಟ ಹಿಡಿದಿದ್ದರು. "ಕೂಲಿ ಹೆಂಗಸರ ಹರಟೆ," ಎಂದು ಅವನು ವಿಭಾಗದ ಸಭೆಯಲ್ಲಿ ಎಲ್ಲರೆದುರು ನಕ್ಕಿದ್ದ. "ಬಾವಿಕಟ್ಟೆ ಮಾತಿಗೆಲ್ಲ ವಿಶ್ವವಿದ್ಯಾಲಯ ಯಾಕೆ ಬೇಕು?" ಇವರು ತಲೆ ತಗ್ಗಿಸಿ ಕೂತರು. ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ, ಆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ತೀರಿಹೋಗುವವರೆಗೂ ಕೆಲಸ ಮಾಡಿದರು. ಆ ಕ್ಯಾಸೆಟ್ಟುಗಳು ತುಂಬಿದ ಎರಡು ಟ್ರಂಕುಗಳನ್ನು ಇವತ್ತು ವಿಭಾಗಕ್ಕೆ ಒಪ್ಪಿಸಲು ತಂದಿದ್ದರು. ಮಕ್ಕಳಿಲ್ಲದ ಅವರಿಗೆ ಹಿಂದೆ ಬಿಟ್ಟುಹೋಗಲು ಇದ್ದದ್ದು ಅಷ್ಟೇ.

"ಬನ್ನಿ, ನಿಮ್ಮ ಕೋಣೆ ತೋರಿಸ್ತೀನಿ," ಎಂದು ಮುಖ್ಯಸ್ಥ ಪಕ್ಕದ ಕೋಣೆಗೆ ಕರೆದುಕೊಂಡು ಹೋದ. ಇವರ ವಿದ್ಯಾರ್ಥಿಯೇ ಅವನು, ಒಳ್ಳೆಯ ಹುಡುಗನೇ ಆಗಿದ್ದ. ಸುತ್ತ ಗಾಜಿನ ಕಪಾಟು, ನಡುವೆ ಕೇಳುವ ಯಂತ್ರ. "ಸಮಾರಂಭಕ್ಕೆ ಬರೋ ಅತಿಥಿಗಳಿಗೆ ಕೇಳಿಸೋಕೆ, ನೀವು ಮುಂಚೆ ಕಳಿಸಿದ್ದ ಒಂದು ಕ್ಯಾಸೆಟ್ ಹಾಕಿಟ್ಟಿದೀನಿ," ಎಂದು ಗುಂಡಿ ಒತ್ತಿದ.

ಕರಕರ ಸದ್ದಿನ ನಡುವೆ ಒಬ್ಬ ಮುದುಕಿಯ ದನಿ ಎದ್ದಿತು. "ನಾವೇನ್ ಕೂಗಾಡ್ಲಿಲ್ಲ ಕಣಮ್ಮಾ. ಕಲ್ಲು ಹೊಡೀಲಿಲ್ಲ. ಕೂಲಿ ಏರಿಸಿ ಅಂತ ಮಗ್ಗದ ಮುಂದೆ ಕೂತ್ಕೊಂಡ್ವಿ, ಅಷ್ಟೇಯ. ಗಿರಣಿಯೋರು ಎಬ್ಬಿಸೋಕೆ ಬಂದ್ರು. ಏಳ್ಲಿಲ್ಲ."

"ಮತ್ತೆ ಎದ್ದಿದ್ದು ಯಾವಾಗ?" ಪ್ರೊಫೆಸರ ಆ ಕಾಲದ ದನಿ.

"ಅವ್ರು ಹೂಂ ಅಂದ್ಮೇಲೆ." ಮುದುಕಿ ನಕ್ಕಳು. ಬೊಚ್ಚುಬಾಯಿಯ ನಗು.

ಪ್ರೊಫೆಸರ ಕಣ್ಣು ತುಂಬಿತು. ಇಷ್ಟು ಸಾಕು, ಈ ನಗುವನ್ನು ಇನ್ನು ಯಾರು ಬೇಕಾದರೂ ಬಂದು ಕೇಳಬಹುದು ಎಂದುಕೊಂಡರು. ಕುರ್ಚಿಯ ಸಂಕಟ ಕೂಡ ಒಂದು ಗಳಿಗೆ ಮರೆತುಹೋಯಿತು.

ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ತಂಗಿಯ ದನಿ ಕೇಳಿತು. "ಅಕ್ಕಾ, ಇಲ್ಲಿ ಬಾ."

ಬಾಗಿಲ ಮೇಲಿನ ಫಲಕಕ್ಕೆ ನೀಲಿ ಪರದೆ ಹಾಕಿದ್ದರು. ತಡೆದುಕೊಳ್ಳುವ ಜಾಯಮಾನದವಳಲ್ಲದ ತಂಗಿ ಅದರ ತುದಿ ಎತ್ತಿ ಹಿಡಿದಿದ್ದಳು. ದಪ್ಪ ಹಿತ್ತಾಳೆಯ ಅಕ್ಷರಗಳಲ್ಲಿ ಅವನ ಹೆಸರು. ಹರಟೆ ಎಂದು ನಕ್ಕವನ ಹೆಸರು. ಅದರ ಮುಂದೆ 'ಸ್ಮಾರಕ ಧ್ವನಿ ಸಂಗ್ರಹ'. ಎಲ್ಲಕ್ಕೂ ಕೆಳಗೆ, ಕಣ್ಣು ಕಿರಿದು ಮಾಡಿದರಷ್ಟೇ ಕಾಣುವಂತೆ, 'ಸಂಗ್ರಹ ಸಹಾಯ' ಎಂದು ಬರೆದು ಪ್ರೊಫೆಸರ ಹೆಸರು.

"ಏನಪ್ಪಾ ಇದು?"

ಮುಖ್ಯಸ್ಥನ ಮುಖ ಸಪ್ಪಗಾಯಿತು. "ಮೇಲಿನವರ ತೀರ್ಮಾನ ಮೇಡಂ. ಅವರು ಹೋಗಿ ಎರಡು ವರ್ಷ ಆಯ್ತಲ್ಲ, ಏನಾದ್ರೂ ಒಂದು ಅವರ ಹೆಸರಲ್ಲಿ ಆಗ್ಬೇಕು ಅಂತ. ನಾನೇ ಜಗಳ ಆಡಿ ನಿಮ್ಮ ಹೆಸರೂ ಸೇರಿಸ್ದೆ."

"ಸೇರಿಸ್ದೆಯಾ?" ತಂಗಿ ಮೈಮೇಲೆ ಹೋದಳು. "ಅವಳ ಟ್ರಂಕಿಗೆ ಅವಳ ಹೆಸರನ್ನ ನೀನು ಸೇರಿಸ್ದೆಯಾ? ಎಂಥ ದೊಡ್ಡ ಮನಸ್ಸಪ್ಪಾ ನಿಂದು!"

"ಹೆಸರಲ್ಲೇನಿದೆ ಮೇಡಂ? ನೀವೇ ಯಾವಾಗ್ಲೂ ಹೇಳ್ತಿದ್ರಲ್ಲ, ಕೆಲಸ ಉಳೀಬೇಕು ಅಂತ." ಅವನು ಗಡಿಯಾರ ನೋಡಿಕೊಂಡ. "ಅತಿಥಿಗಳು ಬರೋ ಹೊತ್ತಾಯ್ತು. ದಯವಿಟ್ಟು ಇವತ್ತೊಂದು ದಿನ ಅನುಸರಿಸ್ಕೊಂಡು ಹೋಗಿ."

ಅನುಸರಿಸಿಕೊಂಡು ಹೋಗಿ! ಪ್ರೊಫೆಸರಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆಯುಷ್ಯವಿಡೀ ಅದನ್ನೇ ಮಾಡಿದ್ದಲ್ಲವೇ? ಪಕ್ಕದಲ್ಲಿ ಕೂರಿ ಎಂದರೆ ಕೂತರು. ಕಾಯಿರಿ ಎಂದರೆ ಕಾದರು. ಸಭೆಯಲ್ಲಿ ಆ ಫಲಕದವನು ನಕ್ಕಾಗ ತಲೆ ತಗ್ಗಿಸಿದರು. ಅವನ ಮೇಲಿನ ಸಿಟ್ಟಿಗಿಂತ ಆ ತಗ್ಗಿಸಿದ ತಲೆಯ ಮೇಲಿನ ಸಿಟ್ಟೇ ಈಗ ಜಾಸ್ತಿಯಾಯಿತು. ಆ ಬೊಚ್ಚುಬಾಯಿಯ ನಗು ಇನ್ನು ಮೇಲೆ ಅವನ ಸೊತ್ತು! ಅವನು ಒಂದು ದಿನವೂ ಕೇಳದ ನಗು!

"ನಾನು ಹೇಳಿದ್ದು ಕೆಲಸ ಉಳೀಬೇಕು ಅಂತ," ಎಂದರು. "ಕಳ್ಳತನ ಉಳೀಬೇಕು ಅಂತಲ್ಲ."

ಕೈಕೋಲು ಊರಿಕೊಂಡು ಮೊದಲಿನ ಕೋಣೆಗೆ ಬಂದರು. ಮರದ ಕುರ್ಚಿಯನ್ನು ದಾಟಿದರು. ಮೇಜಿನ ಹಿಂದೆ ಹೋಗಿ, ದೊಡ್ಡ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ತಿರುಗಿ, ಕೂತರು.

ಅಲ್ಲೇ ಕಾದು ನಿಂತಿದ್ದ ಫೋಟೋದವನು ಸಡಗರದಿಂದ ಕ್ಯಾಮೆರಾ ಎತ್ತಿದ.

"ಅದನ್ನ ಇಳಿಸು," ಎಂದರು ಪ್ರೊಫೆಸರು. ಅವನು ಇಳಿಸಿದ. ಆಮೇಲೆ ಮುಖ್ಯಸ್ಥನಿಗೆ ಹೇಳಿದರು, "ಆ ಫಲಕ ಕೆಳಗಿಳೀಬೇಕು. ಇಲ್ಲಾಂದ್ರೆ ನನ್ನ ಟ್ರಂಕು ವಾಪಸ್ ಕಾರಿಗೆ ಹೋಗ್ಬೇಕು. ಎರಡರಲ್ಲೊಂದು ಆಗೋವರೆಗೂ ನಾನು ಇಲ್ಲಿಂದ ಏಳಲ್ಲ."

"ಮೇಡಂ, ತಮಾಷೆ ಮಾಡ್ಬೇಡಿ. ಅತಿಥಿಗಳು ಇನ್ನೇನು ಗೇಟಿನ ಹತ್ರ..."

"ಬರಲಿ. ಇಲ್ಲೇ ಮಾತಾಡಿಸ್ತೀನಿ. ಹನ್ನೊಂದು ವರ್ಷದ್ದು ಹೇಳೋಕಿದೆ."

ಮುಖ್ಯಸ್ಥ ಫೋನು ಹಿಡಿದು ಕಿಟಕಿಯ ಮೂಲೆಗೆ ಹೋದ. ಮೊದಲು ಅವನ ಮಾತು ಎಲ್ಲರಿಗೂ ಕೇಳುತ್ತಿತ್ತು, ಆಮೇಲೆ ಪಿಸುಮಾತಾಯಿತು, ಆಮೇಲೆ ಬರೀ "ಇಲ್ಲ ಸಾರ್, ಏಳ್ತಾ ಇಲ್ಲ ಸಾರ್" ಎಂಬುದೊಂದೇ. ತಂಗಿ ಮರದ ಕುರ್ಚಿಯನ್ನು ಅಕ್ಕನ ಮಗ್ಗುಲಿಗೆ ಎಳೆದುಕೊಂಡು ಕೂತಳು. ಕೂತವಳು ಆಚೆ ಈಚೆ ಸರಿದಾಡಿದಳು.

"ಥೂ, ಇದರ ಮನೆ ಹಾಳಾಗ! ಇದರಲ್ಲಿ ಅದು ಹೇಗೆ ಕೂತಿದ್ಯೇ ಅಷ್ಟು ವರ್ಷ?"

ಪ್ರೊಫೆಸರು ತಂಗಿಯ ಕೈ ಹಿಡಿದುಕೊಂಡರು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಮುಖ್ಯಸ್ಥ ಫೋನನ್ನು ಜೇಬಿಗೆ ಹಾಕಿ, ಯಾರ ಮುಖವನ್ನೂ ನೋಡದೆ, ಅಟೆಂಡರನ್ನು ಕರೆದು ಏನೋ ಹೇಳಿದ. ಅಟೆಂಡರ್ ಏಣಿ ಹೊತ್ತು ಬಂದು ಪಕ್ಕದ ಕೋಣೆಯ ಬಾಗಿಲಿಗೆ ಆನಿಸಿದ. ಎರಡು ಮೆಟ್ಟಿಲು ಹತ್ತಿದವನು ತಡೆದು, ಮುಖ್ಯಸ್ಥನ ಕಡೆಗಲ್ಲ, ದೊಡ್ಡ ಕುರ್ಚಿಯ ಕಡೆಗೆ ತಿರುಗಿದ.

"ಇಳಿಸ್ಲಾ ಮೇಡಂ?"

"ಇಳಿಸು," ಎಂದರು ಪ್ರೊಫೆಸರು.

ಮೊದಲನೆಯ ಸ್ಕ್ರೂ ಕಿರುಗುಟ್ಟುತ್ತಾ ಸಡಿಲವಾಯಿತು. ಕುರ್ಚಿ ಉದ್ದ ಕಾಲಿನವರಿಗೆಂದು ಮಾಡಿದ್ದು. ಪ್ರೊಫೆಸರ ಪಾದಗಳು ನೆಲ ಮುಟ್ಟುತ್ತಿರಲಿಲ್ಲ. ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ಅವು ಮೆಲ್ಲಗೆ ತೂಗುತ್ತಿದ್ದವು.