ಗ್ಲೌಸಿನ ಕಪಾಟು

"ನಿನ್ನ ಕೈಗೇನು ಚಿನ್ನದ ನೀರು ಕುಡ್ಸಿದೀಯೇನೇ? ಎಲ್ರೂ ತೊಳೀತಿಲ್ವಾ? ನಡಿಯೇ ಮುಂಡೇದೇ."

ಇಷ್ಟು ಹೇಳಿ ಸೂಪರ್‌ವೈಸರ್ ಮೊಬೈಲು ನೋಡತೊಡಗಿದ. ಹೊಸ ಗ್ಲೌಸು ಕೇಳಿದ ನನ್ನ ಅತ್ತಿಗೆ ಕೈ ಚಾಚಿಕೊಂಡೇ ನಿಂತಿದ್ದಳು. ಆಸ್ಪತ್ರೆಯ ಕಕ್ಕಸು ತೊಳೆಯುವ ಆಸಿಡ್ ಹರಿದ ಗ್ಲೌಸಿನೊಳಗೆ ಇಳಿದು ಅವಳ ಬೆರಳೆಲ್ಲ ಸುಲಿದಿತ್ತು. ಮನೆಯಲ್ಲಿ ಹಾಲು ಕುಡಿಯುವ ಮಗು. ಅದನ್ನು ಅವಳು ಮೊಣಕೈಯಲ್ಲೇ ಎತ್ತಿಕೊಳ್ಳುತ್ತಾಳೆ.

ಗ್ಲೌಸು ತರಿಸುವುದು ಈಗ ಕಪಾಟಿನ ಕೆಲಸವಂತೆ. ಅದರ ಹಲಗೆ ತನ್ನ ಮೇಲಿನ ತೂಕ ತಾನೇ ನೋಡಿಕೊಳ್ಳುತ್ತದೆ. ತೂಕ ಇಳಿದರೆ ಕೆಂಪು ದೀಪ. ದೀಪ ಸ್ವಲ್ಪ ಹೊತ್ತು ಹಾಗೇ ಉರಿದರೆ ಆರ್ಡರ್ ಹೋಗುತ್ತದೆ, ಅಂಗಡಿಯವನಿಗೆ ದುಡ್ಡೂ ಹೋಗುತ್ತದೆ. ಯಾರ ಸಹಿಯೂ ಬೇಡ. ನಮ್ಮ ಸಂಬಳಕ್ಕೆ ಮಾತ್ರ ಊರವರೆಲ್ಲರ ಸಹಿ ಬೇಕು.

ಗ್ಲೌಸು ಖಾಲಿಯಾಗಿ ಎಷ್ಟೋ ದಿನವಾಗಿತ್ತು. ದೀಪ ಮಾತ್ರ ಹಸಿರು. ಖರ್ಚು ಕಡಿಮೆ ತೋರಿಸಿದರೆ ಸೂಪರ್‌ವೈಸರನಿಗೆ ಬೋನಸ್ಸು, ಅದಕ್ಕೇ ಆ ಹಲಗೆಯ ಮೇಲೆ ಟೈಲ್ಸಿನ ಪೆಟ್ಟಿಗೆ ಇಟ್ಟಿದ್ದ. ನಾವೆಲ್ಲ ಕಂಡಿದ್ದೆವು. ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

"ತುಂಬಿದೆ ಅಂತ ಕಪಾಟೇ ಹೇಳ್ತಿದೆ. ಮಿಷನ್ನು ಸುಳ್ಳು ಹೇಳುತ್ತಾ?" ಎಂದ, ತಲೆ ಎತ್ತದೆ.

ಅತ್ತಿಗೆ ಕಪಾಟಿನ ಹತ್ತಿರ ಹೋಗಿ, ಮಗುವನ್ನು ಎತ್ತುವ ಹಾಗೆಯೇ ಮೊಣಕೈ ಕೊಟ್ಟು ಪೆಟ್ಟಿಗೆಯನ್ನು ಎಳೆದಳು. ಅದು ಧೊಪ್ಪೆಂದು ನೆಲಕ್ಕೆ ಬಿತ್ತು. ದೀಪ ಕೆಂಪಾಯಿತು. ಅವಳು ಪೆಟ್ಟಿಗೆಯ ಮೇಲೆ ಕೂತಳು.

ಅವನು ಓಡಿ ಬಂದ. ಏಳೆಂದು ಬೈದ, ಅಮ್ಮ ಅಕ್ಕ ಎಲ್ಲ ಎಳೆದ. ಅವಳು ಅಲ್ಲಾಡಲಿಲ್ಲ. ಬೇರೆ ದಾರಿ ಕಾಣದೆ ಅವನು ತನ್ನ ಎರಡೂ ಅಂಗೈ ಹಲಗೆಯ ಮೇಲೆ ಊರಿ ಒತ್ತಿದ. ದೀಪ ಹಸಿರಾಯಿತು. ಕೈ ಸಡಿಲಿಸಿದರೆ ಮತ್ತೆ ಕೆಂಪು. ಪಾಪ, ಬಿಡುವ ಹಾಗಿಲ್ಲ.

"ಏಯ್, ಬಕೆಟ್ಟಲ್ಲಿ ನೀರು ತಂದು ಈ ಹಲಗೆ ಮೇಲಿಡು," ಎಂದ ನನಗೆ. "ಇಲ್ದಿದ್ರೆ ಇಬ್ರಿಗೂ ನಾಳೆಯಿಂದ ಕೆಲ್ಸ ಇಲ್ಲ."

ಮನೆ ನಡೆಯುವುದು ನಮ್ಮಿಬ್ಬರ ಸಂಬಳದಲ್ಲೇ. ಬಕೆಟ್ಟು ಪಕ್ಕದಲ್ಲೇ ತುಂಬಿ ನಿಂತಿತ್ತು. ನಾನು ಅದನ್ನು ಬಚ್ಚಲಿಗೆ ಸುರಿದೆ.

ಅವನ ತೋಳು ಅದುರತೊಡಗಿತು. ಅತ್ತಿಗೆ ಅವನನ್ನೇ ನೋಡುತ್ತಿದ್ದಳು.

"ಕೈ ನೋಯ್ತಾ ಬೋಳಿಮಗನೇ?" ಎಂದಳು, ಮೆಲ್ಲಗೆ.

ನಾನು ಹೋಗಿ ಅವಳ ಪಕ್ಕ ಕೂತೆ. ಪೆಟ್ಟಿಗೆ ಚಿಕ್ಕದು, ನಾನು ಜಾರಿದೆ. ಅವಳು ಮೊಣಕೈಯಿಂದ ನನ್ನನ್ನು ಹಿಡಿದುಕೊಂಡಳು.